ಅಮೋಘಸಿದ್ದನನ್ನು ಮನೆಗೆ ತಂದ ದಿನ

ವಿಜಯಪುರ
೧೯ ಜನವರಿ ೨೦೨೫

ಅಬ್ಬಾಗೆ ತಬಸ್ಸುಮಳ ಸಲಾಂ.

ರಮಜಾನಣ್ಣ ಆಡು ಮಾರಲು ಸಂತೆಗೆ ಬಂದಾಗ ನಿಮ್ಮ ಕಾಗದ ಕೊಟ್ಟ. ಫೋನಿನಲ್ಲಿ ಅವನಿಗೆ ಹೇಳಿದ ಮಾತು ನಿಮ್ಮ ತನಕ ಬರುವಷ್ಟರಲ್ಲಿ ಅರ್ಧವೂ ಉಳಿದಿರುವುದಿಲ್ಲ ಎಂದು ಬರೆದಿದ್ದೀರಿ. ನಿಜ. ಬೋರ್‌ವೆಲ್ ಲಾರಿಯ ಸದ್ದು ನಿಮ್ಮ ಕಿವಿ ತಿನ್ನದೇ ಹೋಗಿದ್ದರೆ ಈ ಕಾಲದಲ್ಲಿ ಕೂತು ಕಾಗದ ಬರೆಯುವವಳು ನಾನಾಗಿರುತ್ತಿರಲಿಲ್ಲ. ಆದರೆ ಬರೆಯುವಾಗ ಫೋನಿನಲ್ಲಿ ಹೇಳಲಾಗದ್ದೂ ಬರುತ್ತದೆ.

ಕೆಲಸ ಹೇಗಿದೆ ಎಂದು ಕೇಳಿದ್ದೀರಿ. ಐಸಿಯು ಅಂದರೆ ಉಸಿರಾಡಲು ಮಷೀನ್ ಬೇಕಾದವರ ಕೋಣೆ. ಅಂಥ ಒಬ್ಬರಿಗೆ ಒಬ್ಬ ನರ್ಸ್ ಇರಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ನಾನು ನಾಲ್ವರನ್ನು ನೋಡುತ್ತೇನೆ. ಒಬ್ಬರ ಗಂಟಲಿನ ಕಫ ಎಳೆಯುತ್ತಿರುವಾಗ ಇನ್ನೊಬ್ಬರ ಮಷೀನ್ ಕೂಗುತ್ತದೆ. ಯಾರನ್ನು ಬಿಟ್ಟು ಯಾರ ಹತ್ತಿರ ಓಡಲಿ ಎಂದು ಯೋಚಿಸುವುದಕ್ಕೂ ಹೊತ್ತಿರುವುದಿಲ್ಲ. ನಾನು ಏಜೆನ್ಸಿಯ ಕಡೆಯಿಂದ ಬಂದವಳು. ಹನ್ನೊಂದು ತಿಂಗಳಾದ ಮೇಲೆ ಒಂದು ದಿನ ಬಿಡಿಸಿ, ಮರುದಿನ ಹೊಸಬಳ ಹಾಗೆ ಸೇರಿಸಿಕೊಳ್ಳುತ್ತಾರೆ. ಆ ಒಂದು ದಿನ ನಾನು ಯಾರ ಆಳೂ ಅಲ್ಲ.

ಮೊನ್ನೆ ಸಾರವಾಡದ ಒಬ್ಬ ಮುದುಕಿ ತೀರಿಕೊಂಡಳು. ಹೊರಗೆ ಅವಳ ಮಗ ನನ್ನನ್ನು ತಡೆದು ಕೇಳಿದ, "ಸಿಸ್ಟರ, ಅವ್ವ ಹೆಂಗ ಅದಾಳ್ರಿ? ಗಂಜಿ ತಂದೇನಿ." ಸಂಬಂಧಿಕರ ಹತ್ತಿರ ನರ್ಸುಗಳು ಮಾತಾಡಬಾರದು ಎಂಬ ನಿಯಮ ಇದೆ. "ಡಾಕ್ಟರನ್ನ ಕೇಳ್ರಿ" ಎಂದು ಬಂದುಬಿಟ್ಟೆ. ಅಷ್ಟರಲ್ಲಿ ಅವಳ ಮುಖಕ್ಕೆ ಬಟ್ಟೆ ಎಳೆದಾಗಿತ್ತು. ಅವನು ಗಂಜಿಯ ಡಬ್ಬಿ ಹಿಡಿದುಕೊಂಡೇ ನಿಂತಿದ್ದ.

ನೀವು ಚಳಿಯಲ್ಲಿ ಹೊರಗೆ ಮಲಗಬೇಡಿ.

ನಿಮ್ಮ ಮಗಳು
ತಬಸ್ಸುಮ


ಬಿಜ್ಜರಗಿ
೨ ಫೆಬ್ರವರಿ ೨೦೨೫

ಮಗಳು ತಬಸ್ಸುಮಳಿಗೆ ಚಮನಸಾಬನ ಆಶೀರ್ವಾದ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಆ ಹುಡುಗನಿಗೆ ನೀನು ಏನಾದರೂ ಹೇಳಬೇಕಿತ್ತು ಅನ್ನಿಸಿತು. ಆಮೇಲೆ, ಹೇಳಿದರೆ ನಿನ್ನ ಕೆಲಸ ಹೋಗುತ್ತಿತ್ತಲ್ಲ ಅನ್ನಿಸಿತು. ಎರಡರಲ್ಲಿ ಯಾವುದು ಸರಿ ಎಂದು ನನಗೆ ತಿಳಿಯಲಿಲ್ಲ. ಹಾಗಾಗಿ ಬುದ್ಧಿ ಹೇಳುವುದಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅಣ್ಣ ರಮಜಾನ, ಅತ್ತಿಗೆ, ಮಕ್ಕಳಿಗೆ ದ್ರಾಕ್ಷಿ ಕಟಾವಿನ ಕೆಲಸ ಸಿಕ್ಕಿದೆ. ಪಕ್ಕದ ಮನೆಯ ಸಿದ್ದರಾಯನ ಮಗ ಅಮೋಘಸಿದ್ದ ಈ ವರ್ಷ ತಾನೇ ಒಣದ್ರಾಕ್ಷಿ ಶೆಡ್ ಹಾಕಿದ್ದಾನೆ. ಅವನಿಗೆ ಬಬಲೇಶ್ವರದಲ್ಲಿ ಹೆಣ್ಣು ನೋಡಿದ್ದಾರೆ. ಸುಗ್ಗಿ ಮುಗಿದ ಮೇಲೆ ಅಕ್ಷತೆಯಂತೆ. ಅವನ ತಾಯಿ ಸಾವಂತ್ರವ್ವ ಬಂದು ಕೈಸನ್ನೆಯಲ್ಲೇ ಮದುವೆ ಮಂಟಪ ಕಟ್ಟಿ ತೋರಿಸಿದಳು. ನಾನು ಅವಳ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತೇನೆ ಎಂದು ಅವಳಿಗೆ ಗೊತ್ತು, ಆದರೂ ಕೈ ಸುಮ್ಮನಿರುವುದಿಲ್ಲ. "ತಬಸ್ಸುಗ ಈಗೇ ರಜಾ ಕೇಳಾಕ ಹೇಳ್ರಿ" ಎಂದಳು. ನಿನ್ನ ತಾಯಿ ಮುಮತಾಜ ತೀರಿಕೊಂಡ ಮೇಲೆ ನಿನ್ನ ತಲೆ ಬಾಚಿ ಸಾಲಿಗೆ ಕಳಿಸಿದವಳು ಅವಳು. ನೀನು ರಜೆ ಕೇಳಿಡು.

ನಿನ್ನ ತಂದೆ
ಚಮನಸಾಬ


ಬಿಜ್ಜರಗಿ
೭ ಏಪ್ರಿಲ್ ೨೦೨೫

ಮಗಳೇ,

ನಾನು ಬರೆಯುವ ಮುಂಚೆಯೇ ನಿನಗೆ ಗೊತ್ತಾಗಿರುತ್ತದೆ. ಗಾಳಿಗೆ ಶೆಡ್ಡಿನ ಮೇಲಿನ ಪರದೆ ಕಿತ್ತಿತ್ತು. ಅಮೋಘಸಿದ್ದ ಕಟ್ಟಲು ಹತ್ತಿ, ತಲೆ ಕೆಳಗಾಗಿ ಕಲ್ಲಿನ ಮೇಲೆ ಬಿದ್ದ. ನಾನು ಶೆಡ್ಡಿನ ಇತ್ತಕಡೆ ಆಡು ಕಟ್ಟುತ್ತಿದ್ದೆ. ನನಗೇನೂ ಕೇಳಿಸಲಿಲ್ಲ. ಜನ ಓಡುವುದನ್ನು ಕಂಡು ತಿರುಗಿ ನೋಡಿದೆ.

ನಿಮ್ಮ ಆಸ್ಪತ್ರೆಗೇ ಒಯ್ಯಿರಿ ಎಂದು ಹಟ ಹಿಡಿದವಳು ಸಾವಂತ್ರವ್ವ. ನೀನಿದ್ದೀಯ ಎಂದು. ತಲೆಯ ಆಪರೇಷನ್ ಆಗಿದೆ, ಅವನು ನಿನ್ನ ಕೋಣೆಯಲ್ಲೇ ಇದ್ದಾನೆ ಎಂದು ರಮಜಾನ ಹೇಳಿದ. ಊರಲ್ಲಿ ಎಲ್ಲರೂ "ನಮ್ಮ ತಬಸ್ಸುಮ ಅದಾಳಲ್ಲ" ಎಂದು ಧೈರ್ಯವಾಗಿದ್ದಾರೆ. ಆ ಧೈರ್ಯ ನೋಡಿ ನನಗೆ ಹೆದರಿಕೆಯಾಗಿದೆ. ಅವನು ಹೇಗಿದ್ದಾನೆ? ನನಗೆ ನಿಜ ಬರೆ.

ಚಮನಸಾಬ


ವಿಜಯಪುರ
೯ ಏಪ್ರಿಲ್ ೨೦೨೫

ಅಬ್ಬಾ,

ಇದನ್ನು ಓದಿ ಯಾರಿಗೂ ತೋರಿಸಬೇಡಿ.

ಅವನು ಎದ್ದೇಳುವುದಿಲ್ಲ. ಆಪರೇಷನ್ ಮಾಡಿ ಹೆಪ್ಪುಗಟ್ಟಿದ ರಕ್ತ ತೆಗೆದರು, ಆದರೆ ಮಿದುಳು ಬಾತು ಹೋಗಿದೆ. ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆ ಕುಗ್ಗುವುದಿಲ್ಲ. ಎದೆಯ ಮೇಲೆ ಗೆಣ್ಣಿನಿಂದ ಒತ್ತಿದರೂ ಕೈ ಎತ್ತುವುದಿಲ್ಲ. ಕಫ ಎಳೆಯುವಾಗ ಒಮ್ಮೊಮ್ಮೆ ಸಣ್ಣದಾಗಿ ಕೆಮ್ಮುತ್ತಾನೆ, ಅಷ್ಟೇ. ದೊಡ್ಡ ಡಾಕ್ಟರು ನಮ್ಮ ಮುಂದೆ "ಏನೂ ಉಳಿದಿಲ್ಲ" ಎಂದರು. ಹೊರಗೆ ಹೋಗಿ ಸಿದ್ದರಾಯ ಕಾಕಾಗೆ "ನೋಡೂಣು, ದೇವರು ಅದಾನ" ಎಂದರು.

ಸಾವಂತ್ರವ್ವ ಕಾಕು ಬಾಗಿಲ ಗಾಜಿಗೆ ಮುಖ ಒತ್ತಿಕೊಂಡು ನಿಂತಿರುತ್ತಾಳೆ. ನಾನು ಅವನ ಮಗ್ಗುಲು ಬದಲಿಸಿದರೆ ಅವಳ ಮುಖ ಅರಳುತ್ತದೆ, ಅವನೇ ಹೊರಳಿದ ಎಂದು. ಇವತ್ತು ನನ್ನ ಕೈ ಹಿಡಿದು, "ನೀ ಮುಟ್ಟಿದ ಮ್ಯಾಲೆ ಬಣ್ಣ ಬಂದೈತಿ ಬೇ ಅವಗ" ಎಂದಳು. ಬಣ್ಣ ಬಂದದ್ದು ಔಷಧದಿಂದ. ರಕ್ತದ ಒತ್ತಡ ಬೀಳದಂತೆ ಏರಿಸುತ್ತಲೇ ಇದ್ದೇವೆ.

ಇಷ್ಟು ದಿನ ನನ್ನ ಕೈಯಲ್ಲಿ ಎಷ್ಟೋ ಜನ ಹೋಗಿದ್ದಾರೆ. ಅವರ ಮನೆಯ ಅಂಗಳದಲ್ಲಿ ನಾನು ಆಡಿ ಬೆಳೆದಿರಲಿಲ್ಲ. ತಿಕೋಟಾ ಸಾಲಿಗೆ ಹೋಗುವ ಬಸ್ಸಿನಲ್ಲಿ ಅವರು ನನಗೆ ಸೀಟು ಹಿಡಿದಿರಲಿಲ್ಲ.

ಏನು ಮಾಡಲಿ ಹೇಳಿ.

ತಬಸ್ಸುಮ


ಬಿಜ್ಜರಗಿ
೧೧ ಏಪ್ರಿಲ್ ೨೦೨೫

ಮಗಳೇ,

ಕಾಗದವನ್ನು ಒಲೆಗೆ ಹಾಕಿದೆ.

ನಿನ್ನೆ ಸಿದ್ದರಾಯ ದನಗಳಿಗೆ ಮೇವು ಹಾಕಿಹೋಗಲು ಊರಿಗೆ ಬಂದಿದ್ದ. ನನ್ನ ಎದುರು ಕೂತು, "ಸಾಬಣ್ಣ, ತಬಸ್ಸುಮ ಏನರ ಬರದಾಳೇನು?" ಎಂದ. ಇಲ್ಲ ಎಂದು ತಲೆ ಆಡಿಸಿದೆ. ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಎದ್ದು ಎತ್ತಿನ ಮೈ ತಿಕ್ಕುತ್ತ ನಿಂತ. ಅವನಿಗೆ ಗೊತ್ತಾಗಿದೆ, ಆದರೆ ಯಾರಾದರೂ ಬಾಯಿ ಬಿಟ್ಟು ಹೇಳಬೇಕು. ಇಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ಆ ಬಾಗಿಲಲ್ಲೇ ಒಣಗಿಹೋಗುತ್ತಾರೆ.

ನಿನ್ನ ಕೆಲಸದ ಮೇಲೆ ಏನು ಬರುತ್ತದೋ ನನಗೆ ಗೊತ್ತು. ಆದರೂ ಹೇಳು ಮಗಳೇ. ಡಾಕ್ಟರು ಹೇಳುವುದಿಲ್ಲ ಅಂದರೆ ನೀನು ಹೇಳು. ಆ ಗಂಜಿಯ ಡಬ್ಬಿಯವನ ಹಾಗೆ ಇವರನ್ನೂ ನಿಲ್ಲಿಸಬೇಡ.

ಅಬ್ಬಾ


ವಿಜಯಪುರ
೧೫ ಏಪ್ರಿಲ್ ೨೦೨೫

ಅಬ್ಬಾ,

ಹೇಳಿದೆ.

ಆಸ್ಪತ್ರೆಯ ಹಿಂದಿನ ಚಹದ ಗಾಡಿಯ ಹತ್ತಿರ ಇಬ್ಬರನ್ನೂ ಕರೆದುಕೊಂಡು ಹೋಗಿ ಕೂರಿಸಿದೆ. "ಕಾಕಾ, ಅಮೋಘ ಏಳೂದಿಲ್ರಿ. ಉಸಿರು ಅವಂದಲ್ಲ, ಮಷೀನಿಂದು" ಎಂದೆ. ಕಾಕಾ ಚಹದ ಲೋಟ ಕೆಳಗಿಟ್ಟ. "ಮಷೀನ ತಗದ್ರ?" ಎಂದು ಕೇಳಿದ. "ಉಸಿರು ಇರೂದಿಲ್ಲ" ಎಂದೆ. ಡಾಕ್ಟರು ನಮ್ಮ ಮುಂದೆ ಹೇಳಿದ ಮಾತೇ ಅದು. ಕಾಕು ಮಾತ್ರ ನನ್ನನ್ನು ಯಾರೋ ಅಪರಿಚಿತಳನ್ನು ನೋಡುವ ಹಾಗೆ ನೋಡಿದಳು. "ನೀ ಯಾಕ ಹಿಂಗ ಮಾತಾಡಾಕತ್ತಿ? ನಿನಗ ಯಾರ ಕಲಿಸ್ಯಾರ?" ಎಂದಳು. ಅಳಲಿಲ್ಲ. ಎದ್ದು ಹೋಗಿ ಮತ್ತೆ ಆ ಗಾಜಿನ ಮುಂದೆ ನಿಂತಳು.

ಕಾಕಾ ಡಾಕ್ಟರ ಹತ್ತಿರ ಹೋಗಿ, ಮಗ ಮನೆಯಲ್ಲೇ ಕಣ್ಣು ಮುಚ್ಚಲಿ, ಕೊಟ್ಟುಬಿಡಿ ಎಂದು ಕೇಳಿದ. ಡಾಕ್ಟರು ಬೇಡ ಎನ್ನಲಿಲ್ಲ. ಆದರೆ ಇವರಿಗೆ ಹೇಳಿದ್ದು ಯಾರು ಎಂದು ವಿಚಾರಣೆ ಆಯಿತು. ಏಜೆನ್ಸಿಯ ಸೂಪರ್‌ವೈಸರ್ ನನ್ನನ್ನು ಕರೆದು, "ನೀನು ಇಲ್ಲಿ ಸ್ಟಾಫೋ, ಪೇಶಂಟ ಕಡೆಯಾಕೀನೋ?" ಎಂದು ಕೇಳಿದರು. ಪೇಶಂಟ ಕಡೆಯವಳು ಎಂದೆ.

ನಾಳೆ ಅವನನ್ನು ಊರಿಗೆ ತರುತ್ತೇವೆ. ಅಂಬ್ಯುಲೆನ್ಸಿನಲ್ಲಿ ಮಷೀನ್ ಇಲ್ಲ. ರಬ್ಬರಿನ ಚೀಲ ಇರುತ್ತದೆ, ಅಂಬು ಬ್ಯಾಗ್ ಅನ್ನುತ್ತೇವೆ. ಅದನ್ನು ಕೈಯಲ್ಲಿ ಒತ್ತುತ್ತ ಉಸಿರು ಕೊಡುತ್ತ ಬರಬೇಕು. ಆಸ್ಪತ್ರೆಯಿಂದ ಯಾರನ್ನೂ ಕಳಿಸುವುದಿಲ್ಲವಂತೆ. ನಾನು ರಜೆ ಹಾಕಿದ್ದೇನೆ. ಮನೆ ಮುಟ್ಟಿದ ಮೇಲೆ ಕೈ ನಿಲ್ಲಿಸಬೇಕಾದವಳೂ ನಾನೇ. ಅಬ್ಬಾ, ನೀವು ಅಲ್ಲಿರಿ.

ತಬಸ್ಸುಮ


ಬಿಜ್ಜರಗಿ
೨೪ ಏಪ್ರಿಲ್ ೨೦೨೫

ಮಗಳೇ,

ಮಣ್ಣು ಕೊಟ್ಟ ದಿನ ನೀನು ನನಗೂ ಹೇಳದೆ ಬಸ್ಸು ಹತ್ತಿ ಹೋದೆ. ಆಮೇಲೆ ಫೋನನ್ನೂ ಎತ್ತುತ್ತಿಲ್ಲ ಎಂದು ರಮಜಾನ ಹೇಳುತ್ತಾನೆ.

ನಾನು ಅಲ್ಲೇ ಇದ್ದೆ. ಕಣ್ಣಿಗೆ ಕಂಡಷ್ಟನ್ನು ಬರೆಯುತ್ತೇನೆ. ನೀನು ಚೀಲ ಒತ್ತುತ್ತಲೇ ಅಂಬ್ಯುಲೆನ್ಸಿನಿಂದ ಇಳಿದೆ, ಒತ್ತುತ್ತಲೇ ಪಡಸಾಲೆಗೆ ಬಂದೆ. ಬಿಸಿಲಿಗೆ ನಿನ್ನ ಮುಖ ಕಪ್ಪಿಟ್ಟಿತ್ತು. ಅವನನ್ನು ಹೊರಸಿನ ಮೇಲೆ ಮಲಗಿಸಿದರು. ಸಿದ್ದರಾಯ ಆಗಲಿ ಎಂದು ತಲೆ ಆಡಿಸಿದ. ನೀನು ಕೈ ತೆಗೆದೆ.

ಎಲ್ಲರೂ ಅವನ ಎದೆ ನೋಡುತ್ತಿದ್ದೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎದೆ ಏರಿತು. ಇಳಿಯಿತು. ಮತ್ತೆ ಏರಿತು. ಅಂಗಳದಲ್ಲಿದ್ದವರ ಬಾಯಿಗಳೆಲ್ಲ ಒಮ್ಮೆಲೇ ತೆರೆದವು. ಸಾವಂತ್ರವ್ವ ನಗುತ್ತ ನಿನ್ನ ಭುಜ ಹಿಡಿದು ಅಲುಗಾಡಿಸಿದಳು. "ಉಸಿರಾಡಾಕತ್ತಾನ, ನೀ ಸುಳ್ಳ ಹೇಳಿದಿ" ಎಂದದ್ದು ನನಗೂ ತಿಳಿಯಿತು. ನೀನು ಚೀಲವನ್ನು ಮತ್ತೆ ಎತ್ತಿಕೊಂಡೆ. ಸಿದ್ದರಾಯ ನಿನ್ನ ಮುಂಗೈ ಹಿಡಿದ. "ಸಾಕವ್ವಾ" ಎಂದ. ಹಿಡಿದ ಕೈ ಬಿಡಲಿಲ್ಲ.

ಹೊತ್ತು ಇಳಿಯುವ ತನಕ ಅವನು ಹಾಗೆಯೇ ಉಸಿರೆಳೆಯುತ್ತಿದ್ದ. ಬರಬರುತ್ತ ಅದು ನೋಡಲು ಆಗದಂತಾಯಿತು. ಕೊನೆಗೆ ಸಾವಂತ್ರವ್ವ ಅವನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಸೆರಗು ಬಾಯಿಗೆ ಅಡ್ಡವಿತ್ತು. ಹತ್ತಿರ ಇದ್ದವಳು ನೀನೊಬ್ಬಳೇ, ನಿನಗೆ ಕೇಳಿಸಿತ್ತು ಎಂದು ನಿನ್ನ ಮುಖ ನೋಡಿ ಗೊತ್ತಾಯಿತು. ಅದಾದ ಮೇಲೆ ಅವನು ಬಹಳ ಹೊತ್ತು ಇರಲಿಲ್ಲ. ಅವಳು ಏನು ಹೇಳಿದಳು?

ಬದುಕುವ ಹುಡುಗನನ್ನು ಸಾಯುತ್ತಾನೆ ಎಂದು ಹೇಳಿ ತಬಸ್ಸುಮ ಮನೆಗೆ ತರಿಸಿದಳು ಎಂದು ಊರಲ್ಲಿ ಮಾತಾಗಿದೆ. ಕೆಲವರು ಬೇರೆ ಮಾತನ್ನೂ ಸೇರಿಸುತ್ತಿದ್ದಾರೆ. ಅದನ್ನು ಬರೆಯುವುದಿಲ್ಲ. ಸಿದ್ದರಾಯ ಅವರನ್ನು ಬೈದು ಕಳಿಸಿದ. ಸಾವಂತ್ರವ್ವ ಮಾತ್ರ ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ.

ಒಂದು ಸಾಲಾದರೂ ಬರೆ.

ಅಬ್ಬಾ


ಬಿಜ್ಜರಗಿ
೨೦ ಮೇ ೨೦೨೫

ಮಗಳೇ,

ರಮಜಾನ ಮತ್ತೆ ಬರಿಗೈಯಲ್ಲಿ ಬಂದ. ನೀನು ಆ ಆಸ್ಪತ್ರೆಯಲ್ಲಿ ಇಲ್ಲವಂತೆ. ನಿನ್ನ ಬಾಡಿಗೆ ಕೋಣೆಗೆ ಹೋದರೆ ಬಾಗಿಲು ತೆರೆದು "ಅರಾಮ ಅದೇನಿ ಅಂತ ಹೇಳು" ಎಂದು ಕಳಿಸಿದೆಯಂತೆ. ಅವನ ಕಣ್ಣಿಗೆ ನೀನು ಅರಾಮ ಕಾಣಲಿಲ್ಲ. ಅತ್ತಿಗೆ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿ ಕೊಟ್ಟಿದ್ದಾಳೆ. ತಿನ್ನು. ಬರೆಯಲು ಆಗದಿದ್ದರೆ ಖಾಲಿ ಹಾಳೆಯನ್ನಾದರೂ ಮಡಚಿ ಕಳಿಸು.

ಅಬ್ಬಾ


ವಿಜಯಪುರ
೧೧ ಜೂನ್ ೨೦೨೫

ಅಬ್ಬಾ,

ಬಕ್ರೀದಿಗೆ ಬರಲಿಲ್ಲ. ಬರಲು ಆಗಲಿಲ್ಲ. ಊರಿಗೆ ಬಂದರೆ ಆ ಪಡಸಾಲೆಯ ಮುಂದೆಯೇ ಹಾದು ನಮ್ಮ ಮನೆಗೆ ಬರಬೇಕು.

ಏಪ್ರಿಲ್ ಕೊನೆಗೆ ನನ್ನ ಗುತ್ತಿಗೆ ಮುಗಿಯಿತು. ಈ ಸಲ ಒಂದು ದಿನ ಬಿಟ್ಟು ಬಾ ಎನ್ನಲಿಲ್ಲ. ಈಗ ಅಥಣಿ ರಸ್ತೆಯ ಇನ್ನೊಂದು ಆಸ್ಪತ್ರೆಯಲ್ಲಿದ್ದೇನೆ. ಅದೇ ಐಸಿಯು, ಅದೇ ಗುತ್ತಿಗೆ. ಬೇರೆ ಕೆಲಸ ನನಗೆ ಬರುವುದಿಲ್ಲ. ಈ ಕೆಲಸ ಇನ್ನು ನನ್ನಿಂದ ಆಗುವುದಿಲ್ಲ.

ತಲೆ ಹೇಳುತ್ತದೆ: ಮಿದುಳಿನ ಬುಡದಲ್ಲಿ ಒಂದಿಷ್ಟು ಉಳಿದಿದ್ದರೆ ಉಸಿರು ತಾನಾಗಿಯೇ ಸ್ವಲ್ಪ ಹೊತ್ತು ಆಡುತ್ತದೆ, ಅವನು ತಿರುಗಿ ಬರುತ್ತಿದ್ದ ಎಂದು ಅದರ ಅರ್ಥವಲ್ಲ. ಈ ಪಾಠವನ್ನು ನಾನು ಓದಿದ್ದೇನೆ. ಬುಡ ಇನ್ನೂ ಪೂರ್ತಿ ಸತ್ತಿಲ್ಲ ಎಂದು ತೋರಿಸುವ ಆ ಸಣ್ಣ ಕೆಮ್ಮನ್ನು ಕಣ್ಣಾರೆ ಕಂಡಿದ್ದೆ. ಹಾಗಿದ್ದೂ "ಉಸಿರು ಇರೂದಿಲ್ಲ" ಎಂದು ಅಷ್ಟು ಗಟ್ಟಿಯಾಗಿ ಯಾಕೆ ಹೇಳಿದೆ? "ಸ್ವಲ್ಪ ಹೊತ್ತು ಇರಬಹುದು, ನೋಡಲು ಕಷ್ಟವಾಗಬಹುದು" ಎಂದಿದ್ದರೆ ಕಾಕು ಆ ಸಂಜೆಯನ್ನು ಬೇರೆ ಥರ ಕಳೆಯುತ್ತಿದ್ದಳು. ಮಗ ಬದುಕಿದ ಎಂದು ಅವಳು ನಕ್ಕಳು ಅಬ್ಬಾ. ನೀವು ಆ ನಗು ನೋಡಿದ್ದೀರಿ. ಅದರ ದನಿ ನೀವು ಕೇಳಲಿಲ್ಲ.

ಇಲ್ಲಿ ಮಷೀನ್ ಕೂಗಿದರೆ ನನ್ನ ಕಾಲು ಏಳುವುದಿಲ್ಲ. ಒಂದು ದಿನ ಬಟ್ಟೆ ಇಡುವ ಕೋಣೆಯಲ್ಲಿ ಹೋಗಿ ಕೂತೆ. ಹೀನಾ ಎಂಬ ಹುಡುಗಿ ನನ್ನ ಪಾಳಿಯಲ್ಲೇ ಇದ್ದಾಳೆ. ನನ್ನ ರೋಗಿಯ ಹತ್ತಿರ ಅವಳೇ ಓಡಿದಳು, ಯಾರಿಗೂ ಹೇಳಲಿಲ್ಲ. ಇನ್ನೊಂದು ದಿನ ಔಷಧದ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಹೀನಾ ಬಂದು ಕಪಾಟಿಗೆ ಬೀಗ ಹಾಕಿ, ಕೀಲಿಕೈಯನ್ನು ತನ್ನ ಜೇಬಿಗೆ ಹಾಕಿಕೊಂಡು ಹೋದಳು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಕಾಕು ಏನು ಹೇಳಿದಳು ಎಂದು ಕೇಳಿದ್ದೀರಿ. ಅದು ಅವಳ ಮಾತು. ನಾನು ಹೇಳುವುದಿಲ್ಲ.

ತಬಸ್ಸುಮ


ಬಿಜ್ಜರಗಿ
೧೦ ಜುಲೈ ೨೦೨೫

ಮಗಳೇ,

ಊರಿಗೆ ಸುಖವಾಗಿ ಮುಟ್ಟಿದೆ. ನಿನ್ನ ಕಾಗದ ಓದಿದವನೇ ಹೇಳದೆ ಕೇಳದೆ ಬಂದು ನಿನ್ನ ಕೋಣೆಯಲ್ಲಿ ಬಿಡಾರ ಹೂಡಿದ್ದಕ್ಕೆ ನಿನಗೆ ಸಿಟ್ಟು ಬಂದಿದ್ದೀತು. ನೀನು ಪಾಳಿಗೆ ಹೋದಾಗಲೆಲ್ಲ ನಾನು ಆಸ್ಪತ್ರೆಯ ಗೇಟಿನ ಹತ್ತಿರ ಕೂರುತ್ತಿದ್ದೆ. ಅಲ್ಲಿನ ವಾಚ್‌ಮನ್ ಮೊದಲು ಎಬ್ಬಿಸುತ್ತಿದ್ದ, ಆಮೇಲೆ ಕುರ್ಚಿ ಕೊಟ್ಟ. ಮಗಳು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ನೋಡಿದರೆ ನನಗೆ ಸಾಕಿತ್ತು. ನೀನು ಡಾಕ್ಟರಿಗೆ ನಿನ್ನನ್ನು ತೋರಿಸಿಕೊಂಡದ್ದು, ಹೀನಾ ನಿನ್ನ ಕೋಣೆಗೇ ಬಂದು ಇರಲು ಒಪ್ಪಿದ್ದು, ಎರಡಕ್ಕೂ ಅಲ್ಲಾಹನಿಗೆ ಶುಕರ್. ಮಾತ್ರೆ ತಪ್ಪಿಸಬೇಡ.

ಒಂದು ವಿಷಯ. ನಾನು ಊರಿಗೆ ತಿರುಗಿ ಬಂದ ಮರುದಿನ ಸಾವಂತ್ರವ್ವ ನಮ್ಮ ಹೊಸ್ತಿಲ ಹೊರಗೆ ಬಂದು ನಿಂತಳು. ಏಪ್ರಿಲಿನಿಂದ ಈಚೆಗೆ ಇದೇ ಮೊದಲು. ಮೈಯಲ್ಲಿ ಏನೂ ಉಳಿದಿಲ್ಲ. ಒಳಗೆ ಕರೆದರೆ ಬರಲಿಲ್ಲ. "ತಬಸ್ಸು ಎಲ್ಲಿ ಇರತಾಳ?" ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಹೇಳಿದೆ. ಹೇಳಿದ್ದು ತಪ್ಪೋ ಸರಿಯೋ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ.

ಅಬ್ಬಾ


ವಿಜಯಪುರ
೩ ಆಗಸ್ಟ್ ೨೦೨೫

ಅಬ್ಬಾ,

ಸಾವಂತ್ರವ್ವ ಕಾಕು ಬಂದಿದ್ದಳು.

ಬೆಳಗಿನ ಪಾಳಿ ಮುಗಿಸಿ ಹೊರಬಂದರೆ ಗೇಟಿನ ಆಚೆ, ಬಿಸಿಲಲ್ಲಿ, ಕಾಲು ಚಾಚಿ ಕೂತಿದ್ದಳು. ಹೊಡೆಯಲು ಬಂದಿದ್ದಾಳೆ ಅನ್ನಿಸಿತು. ಹೊಡೆದರೆ ಹೊಡೆಸಿಕೊಳ್ಳೋಣ ಎಂದು ಹತ್ತಿರ ಹೋದೆ. ಅವಳು ನೆಲ ತೋರಿಸಿ, "ಕುಂದ್ರು" ಎಂದಳು.

ನಾನು ಕೂತೆ. ಆಮೇಲೆ ರಸ್ತೆಯನ್ನೇ ನೋಡುತ್ತ, "ಅವತ್ತ ನಾ ಅವನ ಕಿವ್ಯಾಗ ಅಂದದ್ದು ನೀ ಕೇಳಿದ್ದಿ ಅಲ್ಲ?" ಎಂದಳು.

"ಕೇಳೇನಿ ಕಾಕು."

"ಯಾರ ಮುಂದರ ಹೇಳಿಯೇನು?"

"ಇಲ್ಲ."

"ನಿಮ್ಮಪ್ಪಗ?"

"ಅವರು ಕೇಳಿದ್ರು. ಹೇಳಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಊರಾನ ಮಂದಿ ನಿನಗ ಅನಬಾರದ್ದ ಅಂತಾರ. ನಾ ಸುಮ್ಮನ ಇರತೀನಿ. ನೀ ಬಾಯಿ ಬಿಟ್ಟಿದ್ರ ನನ್ನ ಮ್ಯಾಲ ಬರತಿತ್ತ ಅದು" ಎಂದಳು. ಮತ್ತೆ, "ಅಪ್ಪಗ ಬರದು ತಿಳಸು. ಒಬ್ಬರಿಗರ ಗೊತ್ತಿರಲಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಅವಳು ಅವತ್ತು ಮಗನ ಕಿವಿಯಲ್ಲಿ ಹೇಳಿದ್ದು ಇಷ್ಟು: "ಸಾಕು ಮಗನ, ಇನ್ನ ಹೋಗು. ನನ್ನ ಕಡಿಂದ ನೋಡಾಕ ಆಗವಲ್ದು."

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಇದನ್ನು ಕೇಳಲಿಕ್ಕೇ ಬಂದಿದ್ದಳು. "ಅವಗ ಕೇಳಿಸಿತ್ತೇನ ಬೇ ಅದು? ಅವ್ವ ಹೋಗಂದ್ಲು ಅಂತ ಹ್ವಾದನೇನು?"

ಅಬ್ಬಾ, ಇಲ್ಲ ಎಂದುಬಿಡಬಹುದಿತ್ತು. ಅಷ್ಟು ದೂರದಿಂದ ಬಂದಿದ್ದಳು, ಒಂದು "ಇಲ್ಲ" ಕೊಟ್ಟಿದ್ದರೆ ಹಗುರಾಗಿ ಹೋಗುತ್ತಿದ್ದಳೇನೋ. ಆದರೆ ಒಮ್ಮೆ ನನಗೇ ಗೊತ್ತಿಲ್ಲದ್ದನ್ನು ಅವಳಿಗೆ ಗೊತ್ತಿದ್ದವಳ ಹಾಗೆ ಹೇಳಿ ಏನಾಯಿತು ಎಂದು ನೋಡಿದ್ದೇನೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ನನಗ ಗೊತ್ತಿಲ್ಲ ಕಾಕು. ಅಷ್ಟು ಪೆಟ್ಟು ಬಿದ್ದವರಿಗೆ ಕೇಳಸೂದಿಲ್ಲ ಅಂತ ಡಾಕ್ಟರು ಹೇಳತಾರ. ಒಳಗ ಹೊಕ್ಕು ನೋಡಿದಾವರು ಯಾರೂ ಇಲ್ಲ. ನೀ ಹೇಳದಿದ್ರೂ ಅವ ಅವತ್ತ ಉಳೀತಿದ್ದಿಲ್ಲ. ಇಷ್ಟ ಮಾತ್ರ ನನಗ ಖರೇ ಗೊತ್ತು."

ಅವಳಿಗೆ ಅಳು ಬಂತು. ಅವತ್ತು ಚಹದ ಗಾಡಿಯ ಹತ್ತಿರ ಬಾರದ ಅಳು, ಅಂಗಳದಲ್ಲಿ ಬಾರದ ಅಳು. ಹೋಗಿಬರುವ ಜನ ನಿಂತು ನೋಡಿದರು. ಆಸ್ಪತ್ರೆಯ ಗೇಟಿನಲ್ಲಿ ಅಳುವವರು ದಿನಾ ಇರುತ್ತಾರೆ ಎಂದು ಮುಂದೆ ಹೋದರು. ನಾನು ಅವಳನ್ನು ಹಿಡಿದುಕೊಳ್ಳಲಿಲ್ಲ. ಹಿಡಿಯುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದೆ, ಅಷ್ಟೇ.

ಅಳು ನಿಂತ ಮೇಲೆ ಹೀನಾ ತಂದಿಟ್ಟ ನೀರು ಕುಡಿದಳು. ಊಟ ಬೇಡ ಎಂದಳು. ಬಸ್ಸಿನ ತನಕ ನಡೆದೆವು. ದಾರಿಯಲ್ಲಿ ಸಿದ್ದರಾಯ ಕಾಕಾನ ಮೊಣಕಾಲು ನೋವು, ಈ ಸಲ ತೊಗರಿ ಹುಟ್ಟಿದ್ದು, ಬಬಲೇಶ್ವರದ ಆ ಹುಡುಗಿಗೆ ಬೇರೆ ಕಡೆ ಮದುವೆ ಗೊತ್ತಾದದ್ದು, ಎಲ್ಲ ಹೇಳಿದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಊರಲ್ಲಿ ಇನ್ನು ಮೇಲಾದರೂ ಅವಳು ಬಾಯಿ ಬಿಡುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ಬಿಡದಿದ್ದರೂ ನನ್ನ ತಕರಾರಿಲ್ಲ. ನೀವೂ ಯಾರಿಗೂ ಹೇಳಬೇಡಿ.

ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ತಲೆ ಹೊರಗೆ ಹಾಕಿ, "ಊರಿಗಿ ಯಾವಾಗ ಬರತಿ?" ಎಂದಳು. ಅವಳೇ ಮುಂದುವರಿಸಿ, "ಬಂದ್ರ ಸೀದಾ ನಿಮ್ಮ ಮನಿಗೆ ಹೋಗಬ್ಯಾಡ. ನಡುವ ನಮ್ಮ ಮನಿ ಐತಿ" ಎಂದಳು. ಬಸ್ಸು ಹೊರಟಿತು.

ಬರುವ ಭಾನುವಾರ ನನಗೆ ಪಾಳಿ ಇಲ್ಲ. ಬರುತ್ತೇನೆ. ಬಸ್ಸು ಇಳಿಯುವಲ್ಲಿ ನೀವು ನಿಂತಿರಿ ಅಬ್ಬಾ, ಆ ಮನೆಯ ತನಕ ಒಬ್ಬಳೇ ನಡೆಯಲು ನನಗೆ ಇನ್ನೂ ಧೈರ್ಯವಿಲ್ಲ.

ನಿಮ್ಮ
ತಬಸ್ಸುಮ